ಎಸ್ಕಿಲ್ ಬ್ರಾಂಟ್ ಊರಿನಲ್ಲಿಲ್ಲದ ದಿನ

ಎಸ್ಕಿಲ್ ಬ್ರಾಂಟ್ ತನ್ನ ಎಪ್ಪತ್ತು ವರ್ಷಗಳಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾನೆ. ಆ ಒಂದು ಸುಳ್ಳು ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಪೂರ್ತಿ ಸುಳ್ಳಲ್ಲ ಎಂದು ಅವನು ಇವತ್ತಿಗೂ ವಾದಿಸುತ್ತಾನೆ. ಆದ್ದರಿಂದ ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಅರ್ಧ ಭಾಗವನ್ನು ನಾನೇ ಕಂಡಿದ್ದೇನೆ. ಉಳಿದರ್ಧವನ್ನು ಅವನ ಹೆಂಡತಿ ರಾಗ್ನಾ ನನಗೆ ಎರಡು ಸಲ ಹೇಳಿದಳು. ಎರಡು ಸಲವೂ ಒಂದೇ ರೀತಿ ಹೇಳಿದ್ದರಿಂದ ನಂಬಿದ್ದೇನೆ.

ಎಸ್ಕಿಲ್ ನಮ್ಮೂರ ಪಕ್ಕದ ವಿಬೆಕೆಲುಂಡ್ ಅರಮನೆಯಲ್ಲಿ ನಲವತ್ತೊಂದು ವರ್ಷ ಮಾಲಿಯಾಗಿದ್ದ. ವಿಬೆಕೆಲುಂಡ್ ದೊಡ್ಡ ಅರಮನೆಯೇನಲ್ಲ. ರಾಜರ ಮೇಲೆ ಮುನಿಸಿಕೊಂಡ ರಾಣಿಯರು ಹಿಂದೆ ಅಲ್ಲಿಗೆ ಬಂದು ಇರುತ್ತಿದ್ದರಂತೆ. ಮುನಿಸು ಬೇಗ ಇಳಿಯುತ್ತಿತ್ತೋ ಏನೋ, ಕೋಣೆಗಳು ಕಡಿಮೆ. ತೋಟ ಮಾತ್ರ ವಿಶಾಲವಾಗಿದೆ. ಹೆಬ್ಬಾಗಿಲಿನಿಂದ ಕೊಳದವರೆಗೆ ಎರಡು ಸಾಲು ಲಿಂಡೆನ್ ಮರಗಳಿವೆ. ಅವನ್ನು ನೆಟ್ಟವನು ಎಸ್ಕಿಲ್. ಆಗ ಅವನಿಗೆ ಇಪ್ಪತ್ತೇಳು ವರ್ಷ.

ನೋಡಲು ಬಂದವರು ಯಾರಾದರೂ "ಈ ಮರಗಳಿಗೆ ಎಷ್ಟು ವರ್ಷ?" ಎಂದು ಕೇಳಿದರೆ ಅವನು ಏಣಿಯಿಂದ ಇಳಿದು, ಕತ್ತರಿ ಕೆಳಗಿಟ್ಟು, ಟೋಪಿ ತೆಗೆದು ಉತ್ತರಿಸುತ್ತಿದ್ದ. ಒಂದು ವರ್ಷದ ಉತ್ತರ ಹೀಗಿತ್ತು: "ಎಡಸಾಲಿಗೆ ಮೂವತ್ತು. ಬಲಸಾಲಿಗೆ ಮೂವತ್ತಕ್ಕೆ ಹನ್ನೊಂದು ದಿನ ಕಡಿಮೆ. ನಡುವೆ ನೆಲ ಹೆಪ್ಪುಗಟ್ಟಿತ್ತು."

ಊರಿನವರು ಬೇಕೆಂದೇ ಅವನನ್ನು ಕೆಣಕುತ್ತಿದ್ದರು.

"ನಾಳೆ ಮಳೆ ಬರುತ್ತಾ, ಎಸ್ಕಿಲ್?"

"ಗೊತ್ತಿಲ್ಲ. ನಾಡಿದ್ದು ಕೇಳು, ಸರಿಯಾಗಿ ಹೇಳ್ತೀನಿ."

ಇಂಥ ಮನುಷ್ಯನಿಗೆ ಅರವತ್ತು ತುಂಬಿದಾಗ ಊರಿನವರು ಸಮುದಾಯ ಭವನದಲ್ಲಿ ದೊಡ್ಡ ಊಟ ಇಟ್ಟಿದ್ದರು. ಸೊನ್ನೆಯಲ್ಲಿ ಮುಗಿಯುವ ಹುಟ್ಟುಹಬ್ಬವನ್ನು ನಮ್ಮವರು ಯಾರಿಗೂ ಸುಮ್ಮನೆ ದಾಟಲು ಬಿಡುವುದಿಲ್ಲ. ಊಟದ ನಡುವೆ ಹಾಡು ಇರಲೇಬೇಕು. ಎಲ್ಲರಿಗೂ ಬರುವ ಒಂದು ಹಳೆಯ ಧಾಟಿ, ಅದಕ್ಕೆ ಹುಟ್ಟುಹಬ್ಬದವನ ಬಗ್ಗೆ ಹೊಸ ಪದ್ಯಗಳು. ಪ್ರತಿ ತಟ್ಟೆಯ ಪಕ್ಕದಲ್ಲೂ ಸುರುಳಿ ಸುತ್ತಿದ ಕಾಗದ ಇಟ್ಟಿರುತ್ತಾರೆ, ಎಲ್ಲರೂ ಅದನ್ನು ನೋಡಿ ಹಾಡುತ್ತಾರೆ. ನಮ್ಮೂರಲ್ಲಿ ಈ ಹಾಡುಗಳನ್ನು ಕಟ್ಟುವವಳು ಬೊಡಿಲ್. ಶಾಲೆಯಲ್ಲಿ ಟೀಚರ್ ಆಗಿದ್ದವಳು. ಅವಳ ದನಿ ಆಟದ ಮೈದಾನದ ಆಚೆ ಕೊನೆಗೂ ಕೇಳಿಸುತ್ತದೆ.

ಅವತ್ತಿನ ಹಾಡಿನಲ್ಲಿ ಹದಿನಾಲ್ಕು ಪದ್ಯಗಳಿದ್ದವು. ಒಂದರಲ್ಲಿ, ರಾಜಮನೆತನದ ಅತಿಥಿಗಳ ಎದುರೇ ಒಂದು ಹಂಸ ಎಸ್ಕಿಲ್‌ನನ್ನು ಅಟ್ಟಿಸಿಕೊಂಡು ಹೋಗಿ ಕೊಳಕ್ಕೆ ಬೀಳಿಸಿದ ಕಥೆ ಬಂತು. ಅರವತ್ತೆಂಟು ಜನ ಅವನ ಮುಖ ನೋಡಿಕೊಂಡೇ ಹಾಡಿದರು. ಆಮೇಲೆ ಎದ್ದು ನಿಂತು ಒಂಬತ್ತು ಸಲ ಹುರ್ರೇ ಎಂದರು. ಎಸ್ಕಿಲ್ ಅಷ್ಟು ಹೊತ್ತೂ ಉಪ್ಪಿನ ಡಬ್ಬಿಯನ್ನೇ ನೋಡುತ್ತಿದ್ದ. ಅದರ ಮುಚ್ಚಳದಲ್ಲಿ ಏಳು ತೂತುಗಳಿದ್ದವು, ಒಂದು ಕಟ್ಟಿಕೊಂಡಿತ್ತು ಎಂದು ಈಗಲೂ ಹೇಳುತ್ತಾನೆ.

ಹಾಗಾಗಿ ಎಪ್ಪತ್ತು ಹತ್ತಿರವಾದಾಗ ಅವನು ನಿದ್ದೆಗೆಟ್ಟ. ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ಹುಟ್ಟುಹಬ್ಬದವರು ಮೊದಲೇ ಒಂದು ಸಾಲು ಹಾಕಿಸಬಹುದು. "ಬಾಗಿಲು ತೆರೆದಿದೆ" ಎಂದು ಹಾಕಿಸಿದರೆ ಊರೆಲ್ಲ ಬರುತ್ತದೆ. "ಊರಿನಲ್ಲಿಲ್ಲ" ಎಂದು ಹಾಕಿಸಿದರೆ ಯಾರೂ ಬರುವುದಿಲ್ಲ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಆದರೆ ಹಾಗೆ ಹಾಕಿಸಿ ಮನೆಯಲ್ಲಿ ಪರದೆ ಎಳೆದುಕೊಂಡು ಕೂತವನು ಸಿಕ್ಕಿಬಿದ್ದರೆ, ಸಾಯುವವರೆಗೂ ಅದೇ ಅವನ ಹೆಸರಾಗುತ್ತದೆ.

"ಊರಿನಲ್ಲಿಲ್ಲ ಅಂತ ಹಾಕಿಸ್ತೀನಿ," ಎಂದ ಎಸ್ಕಿಲ್.

"ಎಲ್ಲಿಗೆ ಹೋಗ್ತೀಯ? ಕೈತೋಟಕ್ಕಾ?" ಎಂದಳು ರಾಗ್ನಾ. "ಜನ ಬರ್ಲಿ ಬಿಡು ಮಾರಾಯ. ವರ್ಷವಿಡೀ ನೀನು ನೋಡೋದು ಮರದ ಮುಖ, ಇಲ್ಲಾಂದ್ರೆ ನನ್ನ ಮುಖ."

"ಎರಡೂ ಚೆನ್ನಾಗಿವೆ. ಸಾಕು."

"ಹಾಗಾದ್ರೆ ನಿಜವಾಗ್ಲೂ ಹೋಗೋಣ. ನಾರ್ವೆಗೆ. ಮೂವತ್ತು ವರ್ಷದಿಂದ ಬಡ್ಕೋತಾ ಇದ್ದೀನಿ."

"ನಾರ್ವೆಗೆ ಅಂದ್ರೆ ಹಡಗು. ಹಡಗು ಅಂದ್ರೆ ಬೇರೆ ಯಾರೋ ಮಲಗಿದ ಹಾಸಿಗೆ. ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬಂದ್ರೆ ಆಯ್ತು. ಪತ್ರಿಕೇಲಿ ಎಷ್ಟು ದೂರ ಅಂತ ಎಲ್ಲಿ ಕೇಳ್ತಾರೆ?"

ಸಾಲು ಅಚ್ಚಾದ ಸಂಜೆಯೇ ಬೊಡಿಲ್ ಬೇಲಿಯ ಆಚೆಯಿಂದ ಕೂಗಿದಳು: "ಎಲ್ಲಿಗಮ್ಮಾ ಪ್ರಯಾಣ?"

ಎಸ್ಕಿಲ್ ಬಾಯಿ ತೆರೆಯುವ ಮೊದಲೇ ರಾಗ್ನಾ, ಸ್ವಲ್ಪ ಸಿಟ್ಟಿನಿಂದಲೇ, "ನಾರ್ವೆಯವರನ್ನ ನೋಡ್ಕೊಂಡು ಬರೋಕೆ!" ಎಂದಳು.

ಬೊಡಿಲ್ ಹೋದ ಮೇಲೆ ಎಸ್ಕಿಲ್ ಕುರ್ಚಿಯಲ್ಲಿ ಕುಸಿದ. "ಹೇಳಿಬಿಟ್ಟೆಯಲ್ಲೇ! ಈಗ ನೋಡ್ಲೇಬೇಕಾಯ್ತು."

ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ನಮ್ಮೂರ ಸಂಘದ ವಾರ್ಷಿಕ ಪ್ರವಾಸಕ್ಕೆ ಆ ವರ್ಷ ದಿನವೇ ಸಿಕ್ಕಿರಲಿಲ್ಲ. ನಮ್ಮಲ್ಲಿ ನಲವತ್ತು ಜನಕ್ಕೆ ಒಂದೇ ದಿನ ಬಿಡುವಾಗುವುದೆಂದರೆ ಗ್ರಹಣ ಹಿಡಿದ ಹಾಗೆ, ಅಪರೂಪ. ಎಲ್ಲರ ಕ್ಯಾಲೆಂಡರಿನಲ್ಲೂ ಖಾಲಿ ಇದ್ದದ್ದು ಒಂದೇ ದಿನ, ಜೂನ್ ಹನ್ನೊಂದು. ಅದು ಖಾಲಿ ಇದ್ದದ್ದು ಎಸ್ಕಿಲ್‌ನ ಎಪ್ಪತ್ತಕ್ಕೆಂದು ಎಲ್ಲರೂ ಆರು ತಿಂಗಳ ಹಿಂದೆಯೇ ಅದನ್ನು ತೆಗೆದಿಟ್ಟಿದ್ದರಿಂದ. ಅವನೇ ಊರಿನಲ್ಲಿಲ್ಲ ಎಂದಾದ ಮೇಲೆ ಬಸ್ಸು ಗೊತ್ತುಮಾಡಿದರು: ಒಂದು ಅರಮನೆ, ಒಂದು ಉದ್ಯಾನ, ಒಂದು ಮಠ. ಪ್ರವಾಸ ತಪ್ಪಿತೆಂದು ಅವನಿಗೆ ಬೇಸರವಾದೀತು ಎಂದು ಯಾರೂ ಅವನಿಗೆ ಹೇಳಲಿಲ್ಲ.

ಜೂನ್ ಹನ್ನೊಂದರ ಬೆಳಿಗ್ಗೆ ಏಳೂಕಾಲಿಗೆ ಎಸ್ಕಿಲ್ ಮತ್ತು ರಾಗ್ನಾ ಕಾರಿನಲ್ಲಿ ಹೊರಟರು. ಹೋದದ್ದು ಫ್ರೆಡೆನ್ಸ್‌ಬೋರ್ಗ್ ಅರಮನೆಯ ಉದ್ಯಾನಕ್ಕೆ. ಅಲ್ಲಿ ಹುಲ್ಲಿನ ತಗ್ಗೊಂದರಲ್ಲಿ, ಮೆಟ್ಟಿಲುಮೆಟ್ಟಿಲಾಗಿ, ನಾರ್ವೆಯ ರೈತರು, ಬೆಸ್ತರು, ಮದುವಣಗಿತ್ತಿಯರು ಕಲ್ಲಾಗಿ ನಿಂತಿದ್ದಾರೆ. ಎಸ್ಕಿಲ್ ಪ್ರತಿಯೊಬ್ಬರ ಎದುರೂ ಒಂದೊಂದು ಕ್ಷಣ ನಿಂತು, ಕೊನೆಯವನ ಹತ್ತಿರ ಬಂದು, "ನೋಡಿದ್ದಾಯ್ತು," ಎಂದ.

"ಮೂವತ್ತು ವರ್ಷ ಕಾದದ್ದಕ್ಕೆ ಸಿಕ್ಕಿದ ನಾರ್ವೆ ಇದು," ಎಂದಳು ರಾಗ್ನಾ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಬೆಣ್ಣೆ ಸವರಿದ ಬನ್ನು ಕೈಗಿಟ್ಟಳು. "ತಗೋ. ಹುಟ್ಟುಹಬ್ಬದ ಶುಭಾಶಯ. ಇವರ್ಯಾರೂ ಹಾಡಲ್ಲ, ಹೆದರ್ಬೇಡ."

ಆಗಲೇ ಬೊಡಿಲ್‌ಳ ದನಿ ಕೇಳಿಸಿತು. "ಎಲ್ಲರೂ ಒಟ್ಟಿಗಿರಿ! ಪ್ರೆಬೆನ್, ಟೋಪಿ ಹಾಕ್ಕೋ!"

ಪ್ರೆಬೆನ್ ನಮ್ಮ ಬಸ್ಸಿನ ಚಾಲಕ. ಬೊಡಿಲ್‌ಳ ಹಳೆಯ ವಿದ್ಯಾರ್ಥಿ. ಮೂವತ್ತೆಂಟು ವರ್ಷದ ಆ ಮನುಷ್ಯ ತಕ್ಷಣ ಟೋಪಿ ಹಾಕಿಕೊಂಡ.

ರಾಗ್ನಾ ಒಂದು ಪೊದೆಯ ಹಿಂದೆ ಸರಿದಳು. ಎಸ್ಕಿಲ್‌ಗೆ ಓಡಲು ಹೊತ್ತಿರಲಿಲ್ಲ. ಕೈಯಲ್ಲಿ ಬನ್ನು ಹಿಡಿದುಕೊಂಡೇ ಕಲ್ಲಿನ ಬೆಸ್ತನೊಬ್ಬನ ಬೆನ್ನಿಗೆ ಅಂಟಿಕೊಂಡು ನಿಂತ. ಬೊಡಿಲ್ ಕನ್ನಡಕವನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದಳು. ಆ ಬೆಸ್ತನ ಮುಂದೆಯೇ ನಿಂತು ಹೇಳಿದಳು: "ನೋಡ್ರೋ, ನಾವಿಲ್ಲಿ ಕಲ್ಲಿನ ನಾರ್ವೆಯವರನ್ನ ನೋಡ್ತಿದ್ದೀವಿ. ನಮ್ಮ ಎಸ್ಕಿಲ್ ಅಲ್ಲಿ ನಿಜವಾದವರನ್ನೇ ನೋಡ್ತಿದ್ದಾನೆ. ಪುಣ್ಯವಂತ!"

ಆ ಬೆಸ್ತನಿಗೆ ನಾಲ್ಕು ಕಾಲುಗಳಿದ್ದದ್ದನ್ನು ನಾನು ಕಂಡೆ. ಎರಡು ಕಲ್ಲಿನವು. ಇನ್ನೆರಡಕ್ಕೆ ಕಂದು ಬೂಟು, ಒಂದರ ಲೇಸು ಹಸಿರು. ಆ ಹಸಿರು ಲೇಸು ನಮ್ಮೂರಿನಲ್ಲಿ ಒಬ್ಬನದೇ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾವು ಅರಮನೆಯ ಕಡೆ ತಿರುಗಿದ ಕೂಡಲೇ ಅವರಿಬ್ಬರು ಕಾರಿಗೆ ಓಡಿದರು.

"ಬಸ್ಸು ಹೇಗೂ ಸಮುದ್ರದ ಕಡೆ ಹೋಗುತ್ತೆ," ಎಂದ ಎಸ್ಕಿಲ್ ಏದುಸಿರು ಬಿಡುತ್ತಾ. "ಸಂಘದವರು ಪ್ರತಿ ಸಲ ಸಮುದ್ರಕ್ಕೇ ಹೋಗೋದು. ನಾವು ಹಿಲ್ಲೆರೋಡ್‌ಗೆ ಹೋಗೋಣ."

"ಮನೆಗೆ ಹೋದ್ರೆ ಆಗಲ್ವಾ? ಊರಲ್ಲಿ ಈಗ ಯಾರಿದ್ದಾರೆ?"

"ಊರಿನಲ್ಲಿಲ್ಲ ಅಂತ ಅಚ್ಚಾಗಿದೆ, ರಾಗ್ನಾ. ಮನೆಗೆ ಹೋದ್ರೆ ಸುಳ್ಳಾಗುತ್ತೆ."

ಹಿಲ್ಲೆರೋಡ್‌ನಲ್ಲಿ ಫ್ರೆಡೆರಿಕ್ಸ್‌ಬೋರ್ಗ್ ಅರಮನೆ ಕೆರೆಯ ನಡುವೆ ಇದೆ. ಆಚೆ ದಡದಲ್ಲಿ ಅದರ ಉದ್ಯಾನ, ಅಳತೆಗೋಲು ಹಿಡಿದು ಕತ್ತರಿಸಿದಂಥ ಗಿಡಗಳು. ಎಸ್ಕಿಲ್ ಮೊದಲ ಬಾರಿಗೆ ಆ ದಿನ ನಕ್ಕ. ಬಗ್ಗಿ ಒಂದು ಬೇಲಿಯ ನೇರವನ್ನು ಒಂದು ಕಣ್ಣು ಮುಚ್ಚಿ ನೋಡಿದ. ತಲೆಯೆತ್ತಿದಾಗ ಆ ಬೇಲಿಯ ಇನ್ನೊಂದು ತುದಿಯಲ್ಲಿ ನಮ್ಮ ಬಸ್ಸು ನಿಲ್ಲುತ್ತಿತ್ತು.

ಕೆರೆಯಲ್ಲಿ ಓಡಾಡುವ ಪುಟ್ಟ ದೋಣಿ ಹೊರಡುವುದರಲ್ಲಿತ್ತು. ಇಬ್ಬರೂ ಹತ್ತಿದರು. ಆಚೆ ದಡದಲ್ಲಿ ಇಳಿಯೋಣವೆಂದರೆ ಅಲ್ಲಿ ನಮ್ಮವರಲ್ಲೇ ಕೆಲವರು ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದರು. ಈ ದಡಕ್ಕೆ ವಾಪಸು ಬಂದರೆ ಇಲ್ಲಿ ಬೊಡಿಲ್. ಹೀಗೆ ಅವರು ಇಳಿಯದೆ ಮೂರು ಸುತ್ತು ಹಾಕಿದರು. ಎಸ್ಕಿಲ್ ಅಂದಿನ ಪತ್ರಿಕೆಯನ್ನು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದಿದ್ದ. ಮೂರನೇ ಸುತ್ತಿನಲ್ಲಿ ದೋಣಿಯವನು ಬಗ್ಗಿ ಪತ್ರಿಕೆಯ ಹೊರಪುಟವನ್ನು ನೋಡಿದ.

"ಇಲ್ಲಿರೋ ಫೋಟೋ ನಿನ್ನದೇ ಅಲ್ವಾ? ಎಪ್ಪತ್ತು ವರ್ಷ. ಊರಿನಲ್ಲಿಲ್ಲ ಅಂತ ಹಾಕಿದ್ದಾರೆ."

"ಇಲ್ವಲ್ಲ," ಎಂದ ಎಸ್ಕಿಲ್ ಪತ್ರಿಕೆಯ ಹಿಂದಿನಿಂದ. "ನೋಡು, ದೋಣೀಲಿದ್ದೀನಿ."

ದೋಣಿಯವನು ಟೋಪಿ ಮುಟ್ಟಿ ಶುಭಾಶಯ ಹೇಳಿದ. ಹಾಡಲು ಬಾಯಿ ತೆರೆದವನನ್ನು ರಾಗ್ನಾ ಕೈಸನ್ನೆಯಿಂದ ತಡೆದಳು.

ನಮ್ಮ ಬಸ್ಸು ಹೊರಟ ಮೇಲೆ ಅವರು ಇಳಿದರು. ಆಗ ಹನ್ನೆರಡೂವರೆ. ರಾಗ್ನಾಗೆ ಹಸಿವು, ಬಿಸಿಲು, ಮೊಣಕಾಲು ನೋವು ಮೂರೂ ಒಟ್ಟಿಗೆ ಬಂದಿದ್ದವು.

"ಇನ್ನೊಂದೇ ಜಾಗ," ಎಂದ ಎಸ್ಕಿಲ್. "ಎಸ್ರುಮ್ ಮಠ. ಅರಮನೆ ನೋಡಿದವರು ಯಾರೂ ಮಠಕ್ಕೆ ಬರಲ್ಲ. ಊಟದ ಹೊತ್ತಲ್ಲಂತೂ ಬರೋದೇ ಇಲ್ಲ. ತಣ್ಣಗಿರುತ್ತೆ. ಅಲ್ಲಿ ಇದ್ದವರೆಲ್ಲ ಮಾತಾಡದ ಸನ್ಯಾಸಿಗಳು."

"ಅವರೂ ನಿನ್ನ ಥರ ಹುಟ್ಟುಹಬ್ಬಕ್ಕೆ ಹೆದರಿ ಸೇರ್ಕೊಂಡಿದ್ರೇನೋ," ಎಂದಳು ರಾಗ್ನಾ.

ಮಠದ ನೆಲಮಾಳಿಗೆಯಲ್ಲಿ ಕಮಾನು ಕಮಾನಾಗಿ ಕಟ್ಟಿದ ಕೋಣೆಗಳಿವೆ. ಕಂಬಗಳು ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ. ಎಸ್ಕಿಲ್ ಮೂಲೆಯ ಒಂದು ಕಂಬದ ಹಿಂದೆ ಬೆಂಚು ಹುಡುಕಿದ. ಇಬ್ಬರೂ ಕೂತರು. ಮುಂದಿನ ಕೋಣೆಯಲ್ಲಿ ಯಾರೋ ಉದ್ದನೆಯ ಮೇಜು ಹಾಕಿ, ತಟ್ಟೆ ಜೋಡಿಸುತ್ತಿದ್ದರು. ಎಸ್ಕಿಲ್ ಅದನ್ನು ಗಮನಿಸಲಿಲ್ಲ. ರಾಗ್ನಾ ಗಮನಿಸಿದಳು, ತಟ್ಟೆ ನಲವತ್ತೊಂದು ಎಂದು ಲೆಕ್ಕವನ್ನೂ ಹಾಕಿದಳು, ಆದರೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಏಳಬೇಕಾಗುತ್ತಿತ್ತು ಎಂದು ಅವಳೇ ನನಗೆ ಒಪ್ಪಿಕೊಂಡಳು.

ನಮ್ಮ ಊಟ ಅಲ್ಲೇ ಏರ್ಪಾಡಾಗಿತ್ತು. ಬಸ್ಸಿಗೆ ಎಣ್ಣೆ ಹಾಕಿಸಲು ದಾರಿಯಲ್ಲಿ ನಿಂತು, ಅವರಿಗಿಂತ ತಡವಾಗಿ ಬಂದ ನಾವು ನಲವತ್ತು ಜನ ಕೂತೆವು. ನಲವತ್ತೊಂದನೆಯ ಕುರ್ಚಿಯನ್ನು ಬೊಡಿಲ್ ಮೇಜಿನ ತಲೆಗೆ ಹಾಕಿಸಿ, ಅದರ ಮುಂದೆ ಪುಟ್ಟ ಬಾವುಟ ನೆಟ್ಟಳು. ಹುಳಿ ಮೀನು, ಕಪ್ಪು ರೊಟ್ಟಿ ಮುಗಿದು, ಕೆನೆಯ ಮೇಲೆ ಸ್ಟ್ರಾಬೆರಿ ಇಟ್ಟ ಪದರ ಕೇಕು ಬಂದಾಗ ಅವಳು ಎದ್ದಳು.

"ಗೆಳೆಯರೇ, ಇವತ್ತು ಎಸ್ಕಿಲ್ ಹುಟ್ಟಿದ ದಿನ. ಅವನು ಹಡಗಲ್ಲಿದ್ದಾನೆ, ಇರ್ಲಿ. ನಾನು ಕ್ರಿಸ್‌ಮಸ್ಸಿಂದ ಕೂತು ಹದಿನಾರು ಪದ್ಯ ಬರ್ದಿದ್ದೀನಿ. ಅವನ್ನ ಡ್ರಾಯರ್‌ನಲ್ಲಿ ಹೂಳೋಕೆ ನನ್ನಿಂದಾಗಲ್ಲ. ಈ ಕಮಾನಿನ ಕೆಳಗೆ ದನಿ ಚೆನ್ನಾಗಿ ಏಳುತ್ತೆ. ಕುರ್ಚಿಗೇ ಹಾಡೋಣ."

"ಹದಿನಾರೂ ಹಾಡ್ಬೇಕಾ, ಟೀಚರ್?" ಎಂದ ಪ್ರೆಬೆನ್.

"ನೆಟ್ಟಗೆ ಕೂತ್ಕೋ, ಪ್ರೆಬೆನ್."

ಕಾಗದಗಳು ಹಂಚಿಕೆಯಾದವು. ಹಾಡು ಶುರುವಾಯಿತು.

ಕಂಬದ ಹಿಂದೆ ಎಸ್ಕಿಲ್ ಕಣ್ಣು ಮುಚ್ಚಿದ. ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊರಗೆ ಹೋಗುವ ಬಾಗಿಲು ಒಂದೇ, ಅದು ಕೇಕಿನ ಪಕ್ಕದಲ್ಲಿತ್ತು. ಆದರೆ ಎರಡನೆಯ ಪದ್ಯಕ್ಕೆ ಅವನ ಕೈ ಸಡಿಲವಾಯಿತು ಎಂದು ರಾಗ್ನಾ ಹೇಳುತ್ತಾಳೆ. ಈ ಸಲ ಅವನ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಹಾಡು ಕಲ್ಲಿಗೆ ತಾಗಿ ಬರುತ್ತಿತ್ತು, ಬೇರೆ ಯಾರದೋ ಕಥೆ ಕೇಳಿದ ಹಾಗೆ. ಅವನು ಕತ್ತರಿಗೆ ಎಣ್ಣೆ ಹಚ್ಚುವ ರೀತಿ ಅದರಲ್ಲಿತ್ತು. ಮಳೆಯ ಬಗ್ಗೆ ಅವನು ಕೊಡುವ ಉತ್ತರ ಇತ್ತು. ನಾಲ್ಕನೆಯ ಪದ್ಯಕ್ಕೆ ಅವನ ಕಾಲು ತಾಳ ಹಾಕುತ್ತಿತ್ತು. ಆರನೆಯ ಪದ್ಯ ಹೀಗಿತ್ತು:

ಮುನ್ನೂರು ಲಿಂಡೆನ್ ನೆಟ್ಟವನು,
ಮಳೆಗೂ ಹಿಮಕೂ ಬಗ್ಗದವನು,
ಹಂಸವು ಅಟ್ಟಿಸಿ ಬಂದಾಗ
ಕೊಳದಲಿ ಮುಳುಗಿ ಎದ್ದವನು!

ಕಾಲಿನ ತಾಳ ನಿಂತಿತು.

ಹತ್ತು ವರ್ಷಗಳ ಹಿಂದೆಯೂ ಹಾಡಿನಲ್ಲಿ ಮುನ್ನೂರು ಎಂದೇ ಇತ್ತು. ಆವತ್ತು ಅರವತ್ತೆಂಟು ಜನರ ಮುಂದೆ ಬಾಯಿ ಬಿಡಲು ಧೈರ್ಯವಾಗದೆ, ಹತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಊರಿನವರಿಗೆ ಪದ್ಯ ಹಿಡಿಸಿತು. ಬೊಡಿಲ್ ಕೈಯೆತ್ತಿ, "ಇದನ್ನ ಇನ್ನೊಂದು ಸಲ!" ಎಂದಳು. ನಲವತ್ತು ಬಾಯಿಗಳು ಮತ್ತೊಮ್ಮೆ ಮುನ್ನೂರು ಎಂದವು.

"ಬೇಡ," ಎಂದು ಪಿಸುಗುಟ್ಟಿದಳು ರಾಗ್ನಾ, ಅವನ ತೋಳು ಹಿಡಿದು. "ಎಸ್ಕಿಲ್, ಬೇಡ. ನೀನು ನಾರ್ವೇಲಿದ್ದೀಯ."

"ತಪ್ಪು ಹಾಡ್ತಿದ್ದಾರೆ."

"ಹಾಡ್ಲಿ! ಇಡೀ ದಿನ ಯಾತಕ್ಕೆ ಓಡಿದ್ವಿ?"

ಅವನು ಒಂದು ಕ್ಷಣ ಯೋಚಿಸಿದ. ಈಗ ಸುಮ್ಮನಿದ್ದರೆ ಅವನು ಊರಿನಲ್ಲಿಲ್ಲ ಎಂಬುದು ಉಳಿಯುತ್ತದೆ, ಮುನ್ನೂರು ಎಂಬುದೂ ಉಳಿಯುತ್ತದೆ. ಎದ್ದರೆ ಎರಡೂ ಹೋಗುತ್ತವೆ.

ಮೂಲೆಯ ಕಂಬದ ಹಿಂದಿನಿಂದ ಕಮಾನುಗಳೆಲ್ಲ ಗುಂಯ್‌ಗುಡುವ ಹಾಗೆ ಒಂದು ದನಿ ಬಂತು:

"ಇನ್ನೂರ ತೊಂಬತ್ತಾರು!"

ಹಾಡು ನಿಂತಿತು. ಪ್ರೆಬೆನ್ ಕೈಯಿಂದ ಫೋರ್ಕು ಬಿತ್ತು. ಈ ಮಠದ ನೆಲದಲ್ಲಿ ಹೂತಿರುವ ಸನ್ಯಾಸಿಗಳ ನೆನಪು ಎಲ್ಲರಿಗೂ ಒಟ್ಟಿಗೇ ಬಂದಿರಬೇಕು. ನನಗಂತೂ ಬಂತು. ಆಮೇಲೆ ಕಂಬದ ಪಕ್ಕದಿಂದ ಹಸಿರು ಲೇಸಿನ ಬೂಟು ಹೊರಬಂತು, ಅದರ ಹಿಂದೆ ಎಸ್ಕಿಲ್, ಅವನ ಹಿಂದೆ ಮುಖ ಮುಚ್ಚಿಕೊಂಡು ರಾಗ್ನಾ.

"ಎಸ್ಕಿಲ್!" ಎಂದಳು ಬೊಡಿಲ್. "ನೀನು ನಾರ್ವೇಲಿದ್ದೆಯಲ್ಲೋ!"

"ನಾರ್ವೆಯವರನ್ನ ನೋಡಿ ಬಂದೆ," ಎಂದ ಎಸ್ಕಿಲ್. ಅವನ ಕಿವಿಗಳು ಸ್ಟ್ರಾಬೆರಿಯ ಬಣ್ಣಕ್ಕೆ ತಿರುಗಿದ್ದವು. "ಬೆಳಿಗ್ಗೆ ಎಂಟಕ್ಕೆ. ಫ್ರೆಡೆನ್ಸ್‌ಬೋರ್ಗ್‌ನಲ್ಲಿ. ನೀನು ಬಂದಾಗ ನಾನು ಆ ಬೆಸ್ತನ ಹಿಂದೆ ಇದ್ದೆ. ಕ್ಷಮಿಸು. ಆದ್ರೆ ಅದು ಇನ್ನೂರ ತೊಂಬತ್ತಾರು."

ಬೊಡಿಲ್ ಕನ್ನಡಕ ಹಾಕಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆರು ತಿಂಗಳ ಹಾಡಿನಿಂದ ತಪ್ಪಿಸಿಕೊಳ್ಳಲು ಈ ಮನುಷ್ಯ ಕಲ್ಲಿನ ಹಿಂದೆ ಅಡಗಿದ್ದ ಎಂಬುದು ಅವಳ ಮುಖದಲ್ಲಿ ನಿಧಾನವಾಗಿ ಮೂಡುತ್ತಿತ್ತು.

"ನನ್ನ ಹಾಡು ಅಷ್ಟು ಕೆಟ್ಟದಾ?" ಎಂದಳು. ಮೈದಾನದ ದನಿಯಲ್ಲ ಅದು.

"ಇಲ್ಲ," ಎಂದ ಎಸ್ಕಿಲ್. "ನೀವೆಲ್ಲ ನನ್ನನ್ನೇ ನೋಡೋದು ಕಷ್ಟ. ಕಂಬದ ಹಿಂದಿನಿಂದ ಚೆನ್ನಾಗಿತ್ತು. ಹಂಸದ್ದೂ ನಿಜ. ಮರ ಒಂದೇ ತಪ್ಪು."

"ಮುನ್ನೂರು ಅಂತ ಅರಮನೆಯ ಫಲಕದಲ್ಲೇ ಇದೆಯಲ್ಲ!"

"ತರಿಸಿದ್ದು ಮುನ್ನೂರು. ಬಲಸಾಲಿನ ಕೊನೇಲಿ ಗುಂಡಿ ತೋಡಿದಾಗ ಹಳೇ ಕುದುರೆಲಾಯದ ಅಡಿಪಾಯ ಸಿಕ್ತು. ನಾಲ್ಕು ಸಸಿ ಉಳಿದ್ವು. ಒಂದು ಒಣಗಿಹೋಯ್ತು. ಒಂದನ್ನ ಚರ್ಚಿನ ಅಂಗಳದಲ್ಲಿ ನೆಟ್ಟೆ. ಒಂದು ನಮ್ಮನೆ ಹಿಂದೆ ಇದೆ. ಇನ್ನೊಂದು..." ಎಸ್ಕಿಲ್ ನಿಲ್ಲಿಸಿ ಮೇಜಿನ ಮೇಲೆ ಉಪ್ಪಿನ ಡಬ್ಬಿ ಹುಡುಕಿದ. ಇರಲಿಲ್ಲ. ಬೊಡಿಲ್‌ಳ ಮುಖವನ್ನೇ ನೋಡಬೇಕಾಯಿತು. "ಇನ್ನೊಂದು ಶಾಲೆ ಅಂಗಳದ್ದು. ಬೇಸಿಗೇಲಿ ನೀನು ಮಕ್ಕಳನ್ನ ಕೂರಿಸಿ ಪಾಠ ಮಾಡ್ತಿದ್ದೆಯಲ್ಲ, ಅದು."

ಬೊಡಿಲ್ ಕುಳಿತಳು.

"ಆ ಮರ ನಿನ್ನದಾ?"

"ಮರ ಶಾಲೇದು. ನೆಟ್ಟಿದ್ದು ನಾನು."

"ಮೂವತ್ತೆರಡು ವರ್ಷ ಅದರ ಕೆಳಗೆ ಕೂತಿದ್ದೀನಿ," ಎಂದಳು ಬೊಡಿಲ್. "ಯಾಕೋ ಹೇಳ್ಲಿಲ್ಲ ನೀನು?"

"ನೀನು ಕೇಳ್ಲಿಲ್ಲ."

ಪ್ರೆಬೆನ್ ನಕ್ಕುಬಿಟ್ಟ. "ನಾನು ಆ ಮರದಿಂದಾನೇ ಬಿದ್ದು ಕೈ ಮುರ್ಕೊಂಡಿದ್ದು," ಎಂದು ತೋಳು ಮಡಿಸಿ ಗಾಯದ ಗುರುತು ತೋರಿಸಿದ. ಅಲ್ಲಿಂದ ಯಾರೂ ನಗೆ ತಡೆದುಕೊಳ್ಳಲಿಲ್ಲ. ರಾಗ್ನಾ ಯಾರನ್ನೂ ಕಾಯದೆ ನಲವತ್ತೊಂದನೆಯ ಕುರ್ಚಿಯಲ್ಲಿ ಕೂತು ಕೇಕಿಗೆ ಕೈಹಾಕಿದ್ದಳು.

ಬೊಡಿಲ್ ಪೆನ್ಸಿಲ್ ತೆಗೆದಳು. ಮುನ್ನೂರನ್ನು ಹೊಡೆದುಹಾಕಿದಳು. ಆದರೆ ಇನ್ನೂರ ತೊಂಬತ್ತಾರು ಆ ಧಾಟಿಗೆ ಕೂರಲಿಲ್ಲ. ಒಮ್ಮೆ ಓಡಿಸಿ ಹಾಡಿದರು, ನಾಲಿಗೆ ತೊಡರಿತು. ಒಮ್ಮೆ ಎಳೆದು ಹಾಡಿದರು, ಉಸಿರು ಸಾಲಲಿಲ್ಲ. ಎಸ್ಕಿಲ್ ಮೇಜಿನ ಪಕ್ಕ ನಿಂತು ಬೆರಳಿನಿಂದ ತಾಳ ಎಣಿಸುತ್ತ, "ಮುಂಚೇನೇ ಉಸಿರು ತಗೊಳ್ಳಿ, 'ಇನ್ನೂರ' ಅಂದ ಕೂಡಲೇ ತಡೀಬೇಡಿ," ಎಂದು ಹೇಳಿಕೊಟ್ಟ. ಅವರಿಗೆ ಬರದಿದ್ದಾಗ ತಾನೇ ಹಾಡಿ ತೋರಿಸಿದ. ಹೀಗೆ ಎಪ್ಪತ್ತು ತುಂಬಿದ ದಿನ ಅವನು ತನ್ನ ಹಾಡನ್ನು ತಾನೇ, ನಲವತ್ತು ಜನ ನೋಡುತ್ತಿರುವಾಗ, ಗಟ್ಟಿಯಾಗಿ ಹಾಡಿದ. ಅದು ಅವನ ಗಮನಕ್ಕೆ ಬಂದದ್ದು ಮುಗಿದ ಮೇಲೆ.

ಹೊಸ ಪದ್ಯವನ್ನು ಬೊಡಿಲ್ ವಾಪಸು ಬರುವಾಗ ಬಸ್ಸಿನಲ್ಲಿ ಬರೆದಳು. ಅದರಲ್ಲಿ ಇನ್ನೂರ ತೊಂಬತ್ತಾರು ಮರಗಳಿಲ್ಲ, ಉಳಿದ ನಾಲ್ಕೇ ಇವೆ. ಒಣಗಿಹೋದದ್ದಕ್ಕೂ ಒಂದು ಸಾಲಿದೆ. ಅದನ್ನು ಎಸ್ಕಿಲ್ ಎರಡು ಸಲ ಓದಿ, ತಪ್ಪಿಲ್ಲ ಎಂದ.

ಮುಂದಿನ ಶನಿವಾರದ ಪತ್ರಿಕೆಯಲ್ಲಿ, ಹುಟ್ಟುಹಬ್ಬಗಳ ಪುಟದ ಕೆಳಗಡೆ, ಎಸ್ಕಿಲ್ ಹಾಕಿಸಿದ ಪ್ರಕಟಣೆ ಹೀಗಿತ್ತು. ಅಕ್ಷರ ಬಿಡದೆ ಇಳಿಸಿಕೊಂಡಿದ್ದೇನೆ:

"ತಿದ್ದುಪಡಿ. ಜೂನ್ ಹನ್ನೊಂದರಂದು ನಾನು ಊರಿನಲ್ಲಿಲ್ಲ ಎಂದು ತಿಳಿಸಿದ್ದೆ. ಬೆಳಿಗ್ಗೆ ಏಳೂಕಾಲಿನಿಂದ ಸಂಜೆ ಐದು ಗಂಟೆ ಹತ್ತು ನಿಮಿಷದವರೆಗೆ ಅದು ನಿಜ. ಆದರೆ ಅಷ್ಟೂ ಹೊತ್ತು ಊರೂ ಊರಿನಲ್ಲಿರಲಿಲ್ಲ. ಎಪ್ಪತ್ತೈದಕ್ಕೆ ಬಾಗಿಲು ತೆರೆದಿರುತ್ತದೆ. ಹಾಡನ್ನು ಒಂದು ವಾರ ಮೊದಲೇ ತೋರಿಸತಕ್ಕದ್ದು. ಎಸ್ಕಿಲ್ ಬ್ರಾಂಟ್."